ಹಾಲಮ್ಮನ ಕುತ್ತಿಗೆಯ ನೇರ ಗೆರೆ

ಹೊಳಲೂರಿನ ಕೂಲಿಕಾರ ಭೂತಪ್ಪನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಮಗಳು ಮೈತ್ರಿ ಒಬ್ಬಳೇ. ಬಿಎಸ್ಸಿ ಮುಗಿಸಿ, ಬೆಂಗಳೂರಿನಲ್ಲಿ ವಿಕಿರಣ ಚಿಕಿತ್ಸೆಯ ಕೋರ್ಸ್ ಕಲಿತು, ೧೯೯೮ರಲ್ಲಿ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರ ಕೋಬಾಲ್ಟ್ ಯಂತ್ರಕ್ಕೆ ಟೆಕ್ನಿಷಿಯನ್ ಆಗಿ ಸೇರಿದ್ದಳು. ರೋಗಿಯ ಮೈಮೇಲೆ ಡಾಕ್ಟರು ಎಳೆದ ಚೌಕಕ್ಕೆ ಕಿರಣ ಬೀಳುವ ಜಾಗ ತೋರಿಸುವ ಯಂತ್ರದ ಬೆಳಕನ್ನು ಹೊಂದಿಸಿ, ಹೊರಗೆ ಬಂದು ಗುಂಡಿ ಒತ್ತುವುದು ಅವಳ ಕೆಲಸ. ಊರಿನವರಿಗೆ ಅದು ಲೈಟು ಹಾಕುವ ಉದ್ಯೋಗ.

ಆ ಸೋಮವಾರ ಭದ್ರಾವತಿಯ ಹಾಲಮ್ಮ ಇಪ್ಪತ್ತಮೂರನೇ ದಿನದ ಚಿಕಿತ್ಸೆಗೆ ಬಂದಿದ್ದಳು. ಗಂಟಲಿನಲ್ಲಿ ಕ್ಯಾನ್ಸರ್ ಗಡ್ಡೆ, ಮಾತು ಪಿಸುದನಿಗೆ ಇಳಿದಿತ್ತು. ಇಪ್ಪತ್ತೆರಡು ದಿನ ಕುತ್ತಿಗೆಯ ಮೇಲೆ ದೊಡ್ಡ ಚೌಕವಿತ್ತು. ಬೆನ್ನುಹುರಿ ತಡೆದುಕೊಳ್ಳುವಷ್ಟು ವಿಕಿರಣ ಅಷ್ಟರಲ್ಲೇ ತಗುಲಿಯಾಗಿತ್ತು. ಇನ್ನೂ ಬಿದ್ದರೆ ಮುಂದೊಂದು ದಿನ ಕೈಕಾಲಿನ ಸ್ವಾಧೀನವೇ ಹೋಗಬಹುದು. ಅದಕ್ಕೇ ಶನಿವಾರ ಡಾಕ್ಟರ್ ಶಿವರಾಜ್ ಹಳೆಯ ಗೆರೆ ಒರೆಸಿ, ಬೆನ್ನುಹುರಿಯನ್ನು ಬಿಟ್ಟು, ಮುಂದಕ್ಕೆ ಸಣ್ಣ ಚೌಕ ಎಳೆದಿದ್ದರು.

ಬೆಳಕು ಆ ಚೌಕದ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಹೊರಗೆ ಹೊರಟ ಮೈತ್ರಿ ಬಾಗಿಲಲ್ಲೇ ನಿಂತಳು. ಡಾಕ್ಟರ ಗೆರೆ ಚರ್ಮದ ನೆರಿಗೆ ಬಂದಲ್ಲಿ ಸೊಟ್ಟಗಾಗುತ್ತಿತ್ತು. ಇದು ಸ್ಕೇಲಿಟ್ಟು ಎಳೆದ ಹಾಗಿತ್ತು. ನಾಲ್ಕು ಮೂಲೆಯೂ ಮಟ್ಟಸ.

"ಹಾಲಮ್ಮ, ಗೆರೆ ಅಳಿಸಿತ್ತಾ?"

ಹಾಲಮ್ಮ ಕಣ್ಣು ಮುಚ್ಚಿಕೊಂಡಳು.

ಹಿರಿಯ ಟೆಕ್ನಿಷಿಯನ್ ಗೋವಿಂದ ಇಣುಕಿದ. "ಬೆಳಕು ಕೂತಿದೆ, ಅಳತೆ ಸರಿ ಇದೆ. ಇನ್ನೇನು ಮಾರಾಯ್ತಿ? ಹೊರಗೆ ಹದಿನಾಲ್ಕು ಜನ ಕೂತಿದ್ದಾರೆ."

"ಗೆರೆ ತುಂಬಾ ನೆಟ್ಟಗಿದೆ. ಒಂದು ಎಕ್ಸ್‌ರೇ ಫಿಲ್ಮ್ ತೆಗೀತೀನಿ."

"ಇರೋದೇ ಎರಡು. ಗೆರೆ ಚೆನ್ನಾಗಿದೆ ಅಂತ ಫಿಲ್ಮ್ ತೆಗೆಯೋರನ್ನ ನಿನ್ನೊಬ್ಬಳನ್ನೇ ನೋಡಿದ್ದು. ಡಾಕ್ಟ್ರನ್ನ ಕೇಳು."

ಅವಳು ವಾರ್ಡಿಗೆ ಫೋನ್ ಮಾಡಿದಳು.

"ಶನಿವಾರ ನಾನೇ ಎಳೆದಿದ್ದೀನಲ್ಲ ಮೈತ್ರಿ. ಕೊಟ್ಬಿಡಿ," ಎಂದರು ಶಿವರಾಜ್.

"ಇದು ನಿಮ್ಮ ಗೆರೆ ಅಲ್ಲ ಅನ್ಸುತ್ತೆ ಸಾರ್."

"ಅನ್ಸುತ್ತೆ ಅಂತ ಟ್ರೀಟ್‌ಮೆಂಟ್ ನಿಲ್ಲಿಸ್ತೀರಾ?"

"ಒಂದೇ ಫಿಲ್ಮ್ ಸಾರ್. ಸರಿ ಇದ್ರೆ ಬೈಯಿರಿ."

"ತೆಗೀರಿ. ಬರ್ತೀನಿ."

ಕುತ್ತಿಗೆಯ ಆಚೆ ಬದಿಗೆ ಫಿಲ್ಮ್ ಇಟ್ಟು, ಚಿಕಿತ್ಸೆಯ ಕಿರಣವನ್ನೇ ಕೆಲವು ಸೆಕೆಂಡು ಬಿಟ್ಟಳು. ಕಿರಣ ಹಾಯುವ ಜಾಗದಲ್ಲಿ ಯಾವ ಮೂಳೆ ಇದೆಯೆಂದು ಅದರಲ್ಲಿ ಗೊತ್ತಾಗುತ್ತದೆ. ಡಾರ್ಕ್‌ರೂಮಿನಿಂದ ತಂದ ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದಳು. ಬೆನ್ನುಹುರಿ ಹಾಯುವ ಬೆನ್ನೆಲುಬಿನ ಸಾಲು ಪೂರ್ತಿ ಚೌಕದ ಒಳಗಿತ್ತು. ಆಗಷ್ಟೇ ಬಂದ ಡಾಕ್ಟರು ಫಿಲ್ಮ್ ನೋಡಿ, ಹಾಲಮ್ಮನ ಗಂಡನನ್ನು ಒಳಗೆ ಕರೆಸಿದರು.

ಕರಿಯಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ತಗಡಿನ ಮೇಲೆ ಕತ್ತರಿಸುವ ಗೆರೆ ಎಳೆಯುತ್ತಿದ್ದವನು.

"ನಿನ್ನೆ ತಲೆಗೆ ಎಣ್ಣೆ ಹಾಕ್ಕೊಂಡು ಸ್ನಾನ ಮಾಡ್ಬಿಟ್ಲು ಸಾರ್. ನೀವು ಬೈತೀರ ಅಂತ ನಾನೇ ಎಳೆದೆ. ಶನಿವಾರಾನೇ ಸ್ಕೇಲಲ್ಲಿ ಚೌಕದ ಉದ್ದ ಅಗಲ ಅಳತೆ ತಗೊಂಡಿದ್ದೆ. ಮೂವತ್ತು ವರ್ಷದ ಕೈ ಇದು, ಅರ್ಧ ಮಿಲಿಮೀಟರ್ ತಪ್ಪಿರಲ್ಲ."

"ಎಲ್ಲಿಂದ ಶುರು ಮಾಡಿ ಎಳೆದ್ರಿ ಯಜಮಾನ್ರೇ?" ಎಂದು ಮೈತ್ರಿ ಕೇಳಿದಳು.

"ಚರ್ಮ ಕಪ್ಪಾಗಿರೋ ಹಿಂದಿನ ಅಂಚಿಂದ. ಇಷ್ಟು ದಿನ ಗೆರೆ ಅಲ್ಲೇ ಇತ್ತಲ್ಲಮ್ಮ?"

"ಅದು ಹಳೇ ದೊಡ್ಡ ಚೌಕದ ಅಂಚು. ಹೊಸದು ಅದಕ್ಕಿಂತ ಎರಡು ಬೆರಳು ಮುಂದಿತ್ತು."

ಕರಿಯಪ್ಪ ಹೆಂಡತಿಯ ಕಡೆ ತಿರುಗಿದ. "ಕಿರಣ ಕೊಟ್ಬಿಟ್ರಾ?"

"ಇಲ್ಲ. ಫಿಲ್ಮಿಗೆ ಎಷ್ಟು ಬೇಕೋ ಅಷ್ಟೇ."

ಚಿಕಿತ್ಸೆಯ ಮೇಜಿನ ಮೇಲಿಂದ ಹಾಲಮ್ಮ ಪಿಸುಗುಟ್ಟಿದಳು: "ಸ್ನಾನ ಮಾಡಿದ್ದು ನಾನು. ಅವರಿಗೆ ಬೈಬೇಡ್ರವ್ವ."

ಡಾಕ್ಟರು ಬಗ್ಗಿ ಹೊಸದಾಗಿ ಗೆರೆ ಎಳೆದರು. ಉಳಿದಿದ್ದ ಫಿಲ್ಮೂ ಖರ್ಚಾಯಿತು. ಈ ಸಲ ಬೆನ್ನೆಲುಬು ಚೌಕದ ಹೊರಗಿತ್ತು.

"ಇನ್ನೊಂದ್ಸಲ ಅಳಿಸಿದ್ರೆ?" ಎಂದು ಶಿವರಾಜ್ ಕೇಳಿದರು.

"ಅಳಿಸಿದ ಕುತ್ತಿಗೇನೇ ಕರ್ಕೊಂಡು ಬರ್ತೀನಿ ಸಾರ್," ಎಂದು ಕರಿಯಪ್ಪ ಹೊರಗೆ ಹೋದ.

ಮೈತ್ರಿ ದಪ್ಪ ಬಾಗಿಲು ಮುಚ್ಚಿ, ಕಿಟಕಿಯಲ್ಲಿ ಹಾಲಮ್ಮನನ್ನು ಇನ್ನೊಮ್ಮೆ ನೋಡಿ, ಗುಂಡಿ ಒತ್ತಿದಳು.