ಬರೀ ಫ್ಲ್ಯಾಶ್ ಹೊಡೆದ ದಿನ

ನಾನು ಚಿಕ್ಕವನಿದ್ದಾಗಲೂ ಇಷ್ಟೇ ಪುಕ್ಕಲ. ಬಸ್ಸು ತಪ್ಪಿದರೆ, ಟಿಕೆಟ್ ಕಳೆದರೆ, ಮಳೆ ಬಂದು ಕ್ಯಾಮೆರಾ ನೆನೆದರೆ ಎಂದು ಎಲ್ಲರಿಗಿಂತ ಮೊದಲೇ ಹೆದರಿ ಮುಗಿಸಿಬಿಡುತ್ತಿದ್ದೆ. ಆದರೆ ಮಕ್ಕಳೇ, ಒಂದು ದಿನ ನಿಜವಾಗಿಯೂ ಹೆದರಬೇಕಾದ ಹೊತ್ತಿನಲ್ಲಿ ನಾನು ಹೆದರಲಿಲ್ಲ.

ಆಗ ನಾವು ಅರಸೀಕೆರೆಯಲ್ಲಿದ್ದೆವು. ಅಪ್ಪನಿಗೆ ಫೋಟೋ ಹುಚ್ಚು. ರಜೆ ಸಿಕ್ಕರೆ ಸಾಕು, ಹೆಗಲಿಗೆ ಕ್ಯಾಮೆರಾ ಚೀಲ ಏರಿಸಿ ಮಾಲೇಕಲ್ಲಿಗೋ ಬೇಲೂರಿಗೋ ಹೊರಡುತ್ತಿದ್ದರು. ಅವರ ಹಿಂದೆ ನನ್ನ ಅಕ್ಕ, ಅಂದರೆ ನಿಮ್ಮ ಅಜ್ಜಿ. ಅಕ್ಕನ ಹಿಂದೆ ನಾನು. ಆಗಿನ ಕ್ಯಾಮೆರಾಕ್ಕೆ ರೀಲು ಹಾಕಬೇಕಿತ್ತು. ಒಂದು ರೀಲಿಗೆ ಮೂವತ್ತಾರು ಫೋಟೋ. ಅದು ಮುಗಿದ ಮೇಲೆ ಸ್ಟುಡಿಯೋದಲ್ಲಿ ತೊಳೆಯಲು ಕೊಟ್ಟು ಕಾಯುತ್ತ ಕೂರಬೇಕು.

ಅಪ್ಪ ಕ್ಯಾಮೆರಾ ಹೊರಗೆ ತೆಗೆದರೆ ಊರ ಮಕ್ಕಳೆಲ್ಲ "ನಂದೂ ಹೊಡೀರಿ, ನಂದೂ ಹೊಡೀರಿ" ಎಂದು ಮುತ್ತಿಕೊಳ್ಳುತ್ತಿದ್ದರು. ಅಷ್ಟು ಜನಕ್ಕೆ ರೀಲು ಎಲ್ಲಿಂದ ತರುವುದು? ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವ ಫ್ಲ್ಯಾಶಿನ ಬೆನ್ನಿಗೆ ಒಂದು ಪುಟ್ಟ ಗುಂಡಿ ಇತ್ತು. ಅದನ್ನು ಒತ್ತಿದರೆ ಫೋಟೋ ಬೀಳುತ್ತಿರಲಿಲ್ಲ, ಬೆಳಕು ಮಾತ್ರ ಫಳ್ ಎನ್ನುತ್ತಿತ್ತು. ಅಪ್ಪ ಅದನ್ನೇ ಒತ್ತುತ್ತಿದ್ದರು. ಮಕ್ಕಳು ಕೇಕೆ ಹಾಕಿ ಓಡುತ್ತಿದ್ದರು. ಮನೆಯಲ್ಲಿ ನಾವು ಅದನ್ನು 'ಬರೀ ಫ್ಲ್ಯಾಶ್' ಎನ್ನುತ್ತಿದ್ದೆವು.

ಅವತ್ತು ಹಳೇಬೀಡಿಗೆ ಹೋಗಿದ್ದೆವು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ದೇವಸ್ಥಾನವನ್ನು ಸುತ್ತಿದೆವು. ಒಳಗಿನ ಕತ್ತಲಲ್ಲಿ ಬಾವಲಿಗಳ ಘಾಟು ಮೂಗಿಗೆ ಹತ್ತುತ್ತಿತ್ತು. ಸಂಜೆ ಮೋಡ ಕವಿಯುವ ಹೊತ್ತಿಗೆ ರೀಲು ಮುಗಿದಿತ್ತು. ಅಪ್ಪ ಅದನ್ನು ಸುತ್ತಿ, ಹೊರಗೆ ತೆಗೆದು, ಡಬ್ಬಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡರು. ಖಾಲಿ ಕ್ಯಾಮೆರಾವನ್ನು ಫ್ಲ್ಯಾಶಿನ ಸಮೇತ ನನ್ನ ಕೊರಳಿಗೆ ಹಾಕಿ, ಅಕ್ಕನನ್ನು ಕರೆದುಕೊಂಡು ಬಸ್ಸು ವಿಚಾರಿಸಲು ಹೋದರು.

ಕೆರೆಯ ಬದಿಯಲ್ಲಿ ಒಬ್ಬಾಕೆ ಬುಟ್ಟಿ ಇಟ್ಟುಕೊಂಡು ಸೌತೆಕಾಯಿ ಮಾರುತ್ತಿದ್ದಳು. ಪಕ್ಕದಲ್ಲಿ ಮಗಳು, ಸೀಳಿದ ಕಾಯಿಗೆ ಉಪ್ಪು ಖಾರ ಸವರುತ್ತಿದ್ದಳು.

"ಏನ್ಲಾ ಮರಿ, ಅದ್ರಾಗೆ ಫೋಟೋ ಬೀಳ್ತೈತಾ? ಇಲ್ಲ ಸುಮ್ಕೆ ಕುತ್ಗೆಗೆ ನೇತಾಕ್ಕಂಡಿದೀಯಾ?" ಎಂದಳು ಆಕೆ.

ನನ್ನ ಸ್ವಾಭಿಮಾನ ಕೆರಳಿತು. "ಬೀಳುತ್ತೆ! ನಾನೇ ಹೊಡೀತೀನಿ!"

"ಅಂಗಾರೆ ನಮ್ದೊಂದ್ ಹೊಡಿಯಪ್ಪ. ಬರೋ ವಾರ ಇವ್ಳ ಮದ್ವೆ. ಅರೇಹಳ್ಳಿ ಕಡಿಗೆ ಹೋಯ್ತಾಳೆ. ಇವ್ಳು ಇಲ್ದಾಗ ನೋಡ್ಕಳಕ್ಕೆ ಒಂದಿರ್ಲಿ."

"ಸುಮ್ಕಿರವ್ವ, ಕೂದ್ಲೆಲ್ಲ ಕೆದ್ರೈತೆ" ಎಂದು ಮಗಳು ಮುಖ ಮುಚ್ಚಿಕೊಂಡಳು.

'ರೀಲು ಮುಗಿದಿದೆ' ಎನ್ನುವುದು ಎರಡೇ ಮಾತು. ಅದು ನನ್ನ ಬಾಯಿಗೆ ಬರಲಿಲ್ಲ. ಆಕೆ ಬಿಂದಿಗೆಯ ನೀರಿನಲ್ಲಿ ಕೈ ತೊಳೆದಳು. ಒದ್ದೆ ಕೈಯಿಂದಲೇ ಮಗಳ ಕೂದಲು ತೀಡಿದಳು, ಸೆರಗು ಸರಿಮಾಡಿದಳು. ಇಬ್ಬರೂ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತರು. ನಾನು ದೊಡ್ಡ ಫೋಟೋಗ್ರಾಫರನಂತೆ ಒಂದು ಕಣ್ಣು ಮುಚ್ಚಿ, ಫ್ಲ್ಯಾಶಿನ ಬೆನ್ನಿನ ಗುಂಡಿ ಒತ್ತಿದೆ. ಫಳ್!

"ಯಾವಾಗ್ ಬತ್ತೈತೆ?"

"ಹದಿನೈದು ದಿನ."

ಆಕೆ ಬುಟ್ಟಿಯಲ್ಲೇ ದಪ್ಪನೆಯ ಕಾಯಿ ಆರಿಸಿ ಕೈಗಿಟ್ಟಳು. "ಕಾಸ್ ಬ್ಯಾಡ ಹೋಗು. ಸೌತೆಕಾಯವ್ವ ಅಂದ್ರೆ ಯಾರಾರ ತೋರಿಸ್ತಾರೆ, ತಂದ್ಕೊಡು."

ಬಸ್ಸಿನಲ್ಲಿ ಆ ಸೌತೆಕಾಯಿಯನ್ನು ತಿನ್ನದೆ ಅಕ್ಕನ ಕೈಗಿಟ್ಟೆ. ನಡೆದದ್ದನ್ನು ಹೇಳಿದೆ. ಅಕ್ಕ, "ಅಯ್ಯೋ, ನಾಳೆಗೆ ಮರೀತಾರೆ ಬಿಡೋ" ಎಂದಳು. ಅಪ್ಪ ಮೊದಲು ನಕ್ಕರು. ಆಮೇಲೆ, "ಮದುವೆ ಹುಡುಗಿ ಅಂದ್ಯಾ?" ಎಂದು ಕೇಳಿದರು. ಅರಸೀಕೆರೆ ಬಂದ ಮೇಲೆ, "ನಾಡಿದ್ದು ಭಾನುವಾರ ಹೊಸ ರೀಲು ಹಾಕ್ಕೊಂಡು ಹೋಗೋಣ. ಸುಳ್ಳು ಹೇಳ್ದೆ ಅಂತ ನೀನೇ ಹೇಳ್ಬೇಕು" ಎಂದರು.

ಭಾನುವಾರ ನನಗೆ ಭಾರಿ ಹೊಟ್ಟೆನೋವು ಬಂತು. ಬಂತು ಅಂದರೆ, ನಾನೇ ಬರಿಸಿಕೊಂಡೆ. ಪ್ರಯಾಣ ನಿಂತಿತು. ಮದುವೆ ನಿಲ್ಲುತ್ತದೆಯೇ?

ಅಪ್ಪನ ಹುಚ್ಚು ನನಗೂ ಹತ್ತಿತು. ಅವರ ಕ್ಯಾಮೆರಾದಲ್ಲಿ ಎಷ್ಟೋ ರೀಲು ಹಾಳುಮಾಡಿ ಕಲಿತೆ. ಡಿಜಿಟಲ್ ಕ್ಯಾಮೆರಾ ಬಂದಾಗ ಕಾಸು ಕೂಡಿಟ್ಟು ಒಂದನ್ನು ಕೊಂಡೆ. ಅದನ್ನು ಹಿಡಿದು ಮೊದಲು ಹೋದದ್ದು ಹಳೇಬೀಡಿಗೆ. ಸೌತೆಕಾಯವ್ವ ಅಲ್ಲೇ ಇದ್ದಳು, ತಲೆ ಬೆಳ್ಳಗಾಗಿತ್ತು. ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದ ತಪ್ಪೊಪ್ಪಿಗೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಯಾವ್ ಫೋಟೋ?" ಎಂದಳು. "ದಿನಾ ಯಾರಾರ ಹೊಡ್ಕಂಡ್ ಹೋಗೋರು, ಕಳಿಸ್ತೀವಿ ಅನ್ನೋರು. ಒಬ್ರೂ ಕಳಿಸ್ಲಿಲ್ಲ. ಅದ್ರಾಗೆ ನೀನ್ಯಾವನಪ್ಪ?"

ಗೌರಿ ಹಬ್ಬಕ್ಕೆ ಮಗಳು ತವರಿಗೆ ಬಂದಾಗ ಮತ್ತೆ ಹೋದೆ. ಇಬ್ಬರನ್ನೂ ನಿಲ್ಲಿಸಿ ಹೊಡೆದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಚೆನ್ನಾಗೈತೆ ಕಣಪ್ಪ. ಆದ್ರೆ ಇವ್ಳು ಅರೇಹಳ್ಳಿಯೋಳು. ನಮ್ಮನೇಲಿದ್ದೋಳು ಹಿಂಗಿರ್ಲಿಲ್ಲ."

ಮಕ್ಕಳೇ, ನಿಮ್ಮ ಕಾಲದಲ್ಲಿ ಇಂಥ ಮೋಸ ನಡೆಯುವುದಿಲ್ಲ. ನಾನು ಫೋನು ಎತ್ತಿ ಇನ್ನೂ ಇಳಿಸಿರುವುದಿಲ್ಲ, "ಎಲ್ಲಿ ಚಿಕ್ಕತಾತ, ತೋರ್ಸಿ" ಎಂದು ಕೈ ಚಾಚುತ್ತೀರಿ. ಕಣ್ಣು ಮುಚ್ಚಿದ್ದರೆ ಅಳಿಸಿ ಇನ್ನೊಂದು. ಅದು ಒಳ್ಳೆಯದೇ, ನಾನು ಗೊಣಗುವುದಿಲ್ಲ. ಆಗ ಫೋಟೋ ತೆಗೆಸಿಕೊಂಡವರಿಗೆ ನೋಡಲು ಏನೂ ಇರುತ್ತಿರಲಿಲ್ಲ. ತೆಗೆದವನ ಮುಖ ನೋಡಿ ನಂಬುತ್ತಿದ್ದರು. ಸೌತೆಕಾಯವ್ವನಿಗೆ ಏನೂ ನೆನಪಿಲ್ಲವಂತೆ. ಆದರೂ, ಮಗಳು ಗಂಡನ ಮನೆಗೆ ಹೋದ ಮೇಲೆ, ನಾನು ಹೇಳಿದ್ದ ಆ ಹದಿನೈದನೆಯ ದಿನ, ಹಳೇಬೀಡಿಗೆ ಬಂದ ಒಂದೊಂದು ಬಸ್ಸಿನಿಂದಲೂ ಯಾರು ಇಳಿದರು ಎಂದು ಆಕೆ ನೋಡಿಯೇ ಇರಬೇಕು.