ಹಗೇವಿನ ಬಾಯಿ ತೆಗೆಸಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಸಣ್ಣೇಗೌಡರಿಗೆ ಪಿಸುಮಾತು ಬರುತ್ತಿರಲಿಲ್ಲ. ದೊಡ್ಡಮ್ಮನಿಗೆ ಗುಟ್ಟು ಹೇಳಹೊರಟರೆ ಪಕ್ಕದ ಮನೆಯವರು ಗೋಡೆಯಾಚೆಯಿಂದ "ಸರಿ ಬುಡಿ ಗೌಡ್ರೇ" ಎನ್ನುತ್ತಿದ್ದರು. ಎತ್ತರದ ಆಳು, ಮಂಡಿ ಮೇಲೆ ಕಟ್ಟಿದ ಪಂಚೆ, ಹೆಗಲ ಮೇಲೆ ಕರಿಕಂಬಳಿ. ದಂಡಿಗನಹಳ್ಳಿ ಕಡೆಯ ನಮ್ಮೂರಿನಲ್ಲಿ ಯಾವ ನ್ಯಾಯವನ್ನೂ ಅವರು ಮನೆಯೊಳಗೆ ಕೂತು ಹೇಳಿದವರಲ್ಲ. "ಜಗುಲಿ ಮ್ಯಾಲೆ ಆಡಕ್ಕಾಗ್ದಿದ್ ಮಾತ ನನ್ತಾವ ತರಬ್ಯಾಡಿ" ಎನ್ನುತ್ತಿದ್ದರು.

ಯುದ್ಧದ ಕಾಲ. ರಾಗಿಗೂ ರೇಷನ್ ಬಂದಿತ್ತು. ಹಾಸನದಿಂದ ಬಂದು ಊರಿಗೆ ಹಂಚುವ ರಾಗಿಯ ಉಗ್ರಾಣ ದೊಡ್ಡಪ್ಪನ ಉಸ್ತುವಾರಿಯಲ್ಲಿತ್ತು. ನಾನು ಬಾಣಂತನಕ್ಕೆ ಅರಕಲಗೂಡಿನಿಂದ ತವರಿಗೆ ಬಂದಿದ್ದೆ. ಆಗಲೇ ಸುದ್ದಿ ಹಬ್ಬಿತು: ಬೆಳಕು ಹರಿಯುವ ಮೊದಲೇ ಗೌಡರ ಗಾಡಿ ಓಡಾಡುತ್ತಿದೆ, ಉಗ್ರಾಣದ ಮೂಟೆಗಳೆಲ್ಲ ಗೌಡರ ಹಗೇವು ಸೇರುತ್ತಿವೆ. ಹಿತ್ತಲಲ್ಲಿ ನೆಲದೊಳಗೆ ತೋಡಿದ ರಾಗಿಯ ಕಣಜ ಅದು. ಬಾಯಿಗೆ ಚಪ್ಪಡಿ ಮುಚ್ಚಿದರೆ ಒಳಗೇನಿದೆಯೆಂದು ಯಾರಿಗೂ ಕಾಣದು.

ಗಾಡಿಯನ್ನು ಕಂಡು ಸುದ್ದಿ ಹಬ್ಬಿಸಿದವನು ನಮ್ಮೂರಿನವನೇ ಆದ ಜವರಪ್ಪ. ಅವನಿಗೆ ಬಾರಿಸಲು ನಮ್ಮಪ್ಪ ದೊಣ್ಣೆ ಹಿಡಿದು ಹೊರಟರು. ದೊಡ್ಡಪ್ಪ ತಡೆದರು. "ವಡುದ್ರೆ ಅವ್ನ ಬಾಯಿ ಮುಚ್ತದೆ. ಊರೋರ ಅನ್ಮಾನ ಮುಚ್ತದೇನ್ಲಾ? ಎಲ್ರುನೂ ಕರಿ, ಅಗೇವು ತೆಗ್ಸುವಾ."

ದೊಡ್ಡಮ್ಮ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು. "ಕಳ್ಳ ಅಂದ್ರೂ ಅಂದ್ಕಳ್ಳಿ, ಅದೊಂದ್ ತೆಗುಸ್ಬ್ಯಾಡಿ" ಎಂದು ಅತ್ತೇಬಿಟ್ಟರು. ದೊಡ್ಡಪ್ಪ ಅವರ ಕೈಯನ್ನು ಮೆತ್ತಗೆ ಸರಿಸಿದರು.

ಊರು ಸೇರಿತು. ಚಪ್ಪಡಿ ಎತ್ತಿ, ಕೆಟ್ಟ ಗಾಳಿ ಹೋಗಲೆಂದು ಕಾದು, ಲಾಟೀನು ಇಳಿಬಿಟ್ಟು ನೋಡಿದರು. ದೀಪ ಆರಲಿಲ್ಲ. ದೊಡ್ಡಪ್ಪ ಜವರಪ್ಪನನ್ನೇ ಇಳಿಸಿದರು. ಆಮೇಲೆ ಒಳಗಿಂದ ಅವನ ದನಿ ಬಂತು. "ಏನೂ ಇಲ್ಲ ಕಣ್ರಪ್ಪಾ. ತಳ ಕಾಣ್ತಾ ಅದೆ."

ದೊಡ್ಡಪ್ಪನೇ ಹೇಳಿದರು. "ಆಸನದಿಂದ ರಾಗಿ ಬರ್ನೇ ಇಲ್ಲ. ಉಗ್ರಾಣ ಬರಿದಾಗದೆ ಅಂದ್ರೆ ಜನ ಎದರ್ಕೋತಾರೆ ಅಂತ ನಮ್ಮ ಅಗೇವಿನ ರಾಗಿನೇ ಉಗ್ರಾಣಕ್ಕೆ ಸಾಗುಸ್ದೆ. ಗೌಡ್ನ ಮನೇಲೂ ರಾಗಿ ಇಲ್ಲ ಅನ್ನೋದು ಗೊತ್ತಾಗ್ಬಾರ್ದು ಅಂತ ಕತ್ಲಲ್ಲೇ ಗಾಡಿ ಕಟ್ಟುಸ್ದೆ. ತಪ್ಪು ನಂದೇ. ಬೆಳ್ಕಲ್ಲಿ ಕಟ್ಟುಸಿದ್ರೆ ಜವರಪ್ಪ ಯಾಕೆ ಅಂಗನ್ಕೋತಿದ್ದ?"

ಮೇಲೆ ಬಂದ ಜವರಪ್ಪ ಕಾಲಿಗೆ ಬೀಳಹೋದ. ದೊಡ್ಡಪ್ಪ ಅವನ ರಟ್ಟೆ ಹಿಡಿದೆತ್ತಿ, ತಮ್ಮ ಉಡಿದಾರದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಅವನ ಅಂಗೈಗಿಟ್ಟರು. "ಇನ್ಮ್ಯಾಕೆ ನೀನೇ ನೋಡ್ಕೋ. ಅಲ್ಲಿಗೆ ಕಣ್ಣಿಟ್ಟಿರೋನೇ ಬೇಕು."

ಆ ಸಂಜೆ ಜವರಪ್ಪನ ಹೆಂಡತಿ ಮೊರದ ತುಂಬ ರಾಗಿಹಿಟ್ಟು ತಂದಳು. ದೊಡ್ಡಮ್ಮ ಮುಖ ತಿರುಗಿಸಿ ಒಳಗೆ ನಡೆದರು. ದೊಡ್ಡಪ್ಪ ಎರಡೂ ಕೈಯೊಡ್ಡಿ ಈಸಿಕೊಂಡು, "ಉಂಡು ಓಗವ್ವಾ" ಎಂದರು.

ಮಗುವಿಗೆ ಐದು ತಿಂಗಳು ತುಂಬಿ ನಾನು ಗಂಡನ ಮನೆಗೆ ಹೊರಟಾಗ ದೊಡ್ಡಪ್ಪ ಚನ್ನರಾಯಪಟ್ಟಣದವರೆಗೂ ಬಂದು ಬಸ್ಸು ಹತ್ತಿಸಿದರು. ಅದೇ ಕೊನೆ. ಮುಂದಿನ ಸುಗ್ಗಿಗೆ ಅವರಿರಲಿಲ್ಲ.

ಎಷ್ಟೋ ದಿನದ ಮೇಲೆ ಹೊಳೆನರಸೀಪುರದ ಸಂತೆಯಲ್ಲಿ ನಮ್ಮ ಸೀಮೆಯ ಮುದುಕಿಯೊಬ್ಬಳು ನನ್ನ ಗುರುತು ಹಿಡಿಯಲಾರದೆ, "ಯಾರ ಮಗ್ಳವ್ವಾ ನೀನು?" ಎಂದಳು. ನನ್ನ ಅಪ್ಪ ಊರಲ್ಲಿ ಗಟ್ಟಿಮುಟ್ಟಾಗಿದ್ದರು. ಆದರೂ ನಾನು ತಲೆಯೆತ್ತಿ ಹೇಳಿದೆ: "ಸಣ್ಣೇಗೌಡರ ಮಗಳು."