ಫೋಟೊಗ್ರಾಫರ್ ನೋಡುವ ಶಾಸ್ತ್ರ

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಿರಿಯಳಾಗಿ ಕೂತು, ಉಪ್ಪಿಟ್ಟು ಕೇಸರಿಬಾತು ತಿಂದು, ಗಂಟಲು ಸರಿಮಾಡಿಕೊಂಡು ಅಭಿಪ್ರಾಯ ಕೊಟ್ಟ ಅನುಭವ ನನಗೆ ಬೇಕಾದಷ್ಟಿದೆ. ಆ ಪಾಂಡಿತ್ಯ ಮತ್ತೆ ಉಪಯೋಗಕ್ಕೆ ಬಂದದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಸಭಾಕೋಣೆಯಲ್ಲಿ. ಈ ಸಲ ನೋಡಬೇಕಾಗಿದ್ದದ್ದು ಫೋಟೊಗ್ರಾಫರನ್ನು. ಕೇಸರಿಬಾತಿನ ಸ್ಥಾನವನ್ನು ಏಲಕ್ಕಿ ಬನ್ನು ಅಲಂಕರಿಸಿತ್ತು.

ನೋಡುವವಳು ನನ್ನ ಗೆಳತಿ. ಬೆಂಗಳೂರಿನವಳು, ನಲವತ್ತರ ಹತ್ತಿರ, ಗಂಡನಿಂದ ದೂರವಾದವಳು. ಹಗಲು ಔಷಧ ಕಂಪನಿಯ ಕೆಲಸ. ಉಳಿದ ಹೊತ್ತಿನಲ್ಲಿ, ವಯಸ್ಕರು ಚಂದಾ ಕೊಟ್ಟು ನೋಡುವ ಜಾಲತಾಣವೊಂದಕ್ಕೆ ತನ್ನವೇ ಚಿತ್ರಗಳನ್ನು ಹಾಕುತ್ತಾಳೆ. ಕತ್ತಿನಿಂದ ಕೆಳಗೆ ಮಾತ್ರ. ಮುಖ ಎಂದೂ ಇಲ್ಲ. ಮೊದಲು ಹೇಳಿದ ದಿನ ನಾನು ಬಹಳ ಗಂಭೀರವಾಗಿ ಕಾಫಿ ಕುಡಿದೆ. ಕಾಫಿ ಮುಗಿಯುವ ಹೊತ್ತಿಗೆ ಅದು ಅವಳ ವಿಚಾರ ಎಂಬ ತೀರ್ಮಾನಕ್ಕೆ ಬಂದಿದ್ದೆ.

ಮುಖ ಇಲ್ಲದಿರುವುದಕ್ಕೆ ಕಾರಣ ಮಗಳು. ಐದು ವರ್ಷದ ಆ ಹುಡುಗಿ ಹೋಗುವ ಶಿಶುವಿಹಾರದ, ಇಲ್ಲಿನವರ ಮಾತಲ್ಲಿ ದಾಗಿಸ್‌ನ, ಬಾಗಿಲಲ್ಲೇ ಊರಿನ ಅರ್ಧ ಕನ್ನಡ ಸಂಸಾರಗಳು ತಮ್ಮ ಮಕ್ಕಳ ಬೂಟು ಬಿಚ್ಚುತ್ತಿರುತ್ತವೆ. ಮುಖವಿರುವ ಒಂದೇ ಒಂದು ಚಿತ್ರ ಹೊರಬಿದ್ದರೂ, ಮಾರನೆಯ ದಿನದಿಂದ ಆ ಮಗುವಿನ ಜೊತೆ ಆಡಲು ಯಾರನ್ನೂ ಬಿಡುವುದಿಲ್ಲ. ಅದಕ್ಕೇ ಇಷ್ಟು ದಿನ ಟೈಮರ್ ಇಟ್ಟುಕೊಂಡು ತಾನೇ ತೆಗೆದುಕೊಳ್ಳುತ್ತಿದ್ದಳು. ಫಲಿತಾಂಶ ಆಧಾರ್ ಕಾರ್ಡಿನ ದರ್ಜೆಯದು.

"ಕ್ಯಾಮೆರಾ ಹಿಂದೆ ಇರೋರಿಗೆ ನನ್ ಮುಖ ಕಾಣ್ಸೇ ಕಾಣ್ಸತ್ತೆ," ಎಂದಳು. "ಅದಕ್ಕೇ ನೀನು ಜೊತೆಗಿರು. ಜನನ್ನ ಕೆಕ್ಕರಿಸ್ಕೊಂಡು ನೋಡ್ತೀಯಲ್ಲ, ಆ ನೋಟ ಬೇಕು."

ಹೆಸರಿಲ್ಲದ ಒಂದು ಇಂಗ್ಲಿಷ್ ಜಾಹೀರಾತು ಹಾಕಿದೆವು. ಮೊದಲು ಬಂದವನು ಕುತ್ತಿಗೆಗೆ ಮೂರು ಸುತ್ತು ಶಾಲು ಸುತ್ತಿಕೊಂಡ ಸ್ಟಾಕ್‌ಹೋಮಿನ ಕಲಾವಿದ. ತಾನು ದೇಹವನ್ನಲ್ಲ, ಆತ್ಮವನ್ನು ಸೆರೆಹಿಡಿಯುತ್ತೇನೆ ಎಂದ. ನಮ್ಮ ಕಡೆ ಆ ಕೆಲಸಕ್ಕೆ ಪ್ರತ್ಯೇಕ ಮಠಗಳಿವೆ. ತನ್ನ ಮೇಲೆ ಹೆಂಗಸರಿಗೆ ಎಷ್ಟು ನಂಬಿಕೆಯಿದೆ ಎಂದು ಸಾಬೀತುಪಡಿಸಲು ಟ್ಯಾಬ್ಲೆಟ್ ತೆರೆದು, ಅವರ ಚಿತ್ರಗಳನ್ನು ಮುಖಸಮೇತ ಒಂದೊಂದಾಗಿ ಸರಿಸಿದ. ಅವರಲ್ಲೊಬ್ಬಳು ನಮ್ಮ ಬೀದಿಯ ಹೂವಿನಂಗಡಿಯವಳು. ಅಂದಿನಿಂದ ನಾನು ಹೂವು ಕೊಳ್ಳಲು ಇನ್ನೊಂದು ಬೀದಿಗೆ ಹೋಗುತ್ತೇನೆ, ಏನೂ ತಪ್ಪು ಮಾಡದ ಅವಳ ಕಣ್ಣು ತಪ್ಪಿಸಿಕೊಂಡು.

ಗೆಳತಿ ಮೊಬೈಲ್ ಎತ್ತಿ, "ಮೊದಲು ನಾನು ನಿಮ್ಮದೊಂದು ಫೋಟೊ ತೆಗೆಯಬಹುದೇ?" ಎಂದು ಕೇಳಿದಳು. ಮಹಾನುಭಾವ ಗಲ್ಲ ಎತ್ತಿ, ದೀಪದ ಬೆಳಕಿಗೆ ತಿರುಗಿ, ಎಲ್ಲಿ ಹಾಕಿದರೂ ತನ್ನ ಹೆಸರು ಹಾಕಲು ಮರೆಯಬೇಡಿ ಎಂದ. ಅವನು ಹೋದ ಮೇಲೆ ಕೇಳಿದೆ: "ಇದೇನೇ ನಿನ್ನ ಪರೀಕ್ಷೆ?"

"ನೋಡ್ತಿರು," ಎಂದಳು.

ಎರಡನೆಯವನಿಗೆ ಬಾಗಿಲು ತೆರೆದವಳು ನಾನು. "ಅಯ್ಯೋ ಅಕ್ಕಾ, ನೀವಾ?" ಎಂಬ ಉದ್ಗಾರ ಅಚ್ಚಗನ್ನಡದಲ್ಲಿ ಹೊರಟಿತು. ನಮ್ಮ ಕನ್ನಡ ಬಳಗದ ಆಸ್ಥಾನ ಛಾಯಾಗ್ರಾಹಕ! ಐಟಿ ಕಂಪನಿಯವನು. ಯುಗಾದಿ ಊಟಕ್ಕೆ ಕೂತವರ ತೆರೆದ ಬಾಯಿಗಳನ್ನು, ಅವರು ಕೈ ತೊಳೆಯುವ ಮೊದಲೇ ವಾಟ್ಸಾಪ್ ಗುಂಪಿಗೆ ತಲುಪಿಸುವ ಧರ್ಮಾತ್ಮ. ಇದುವರೆಗೆ ಯಾರನ್ನೂ ಕೇಳಿ ತೆಗೆದವನಲ್ಲ, ಕೇಳಿ ಹಾಕಿದವನಲ್ಲ.

ಗೆಳತಿ ಕಾಫಿ ಕಪ್ಪನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದಳು. ಅವನ ಹೆಂಡತಿಯೂ ಅದೇ ದಾಗಿಸ್‌ನ ಬಾಗಿಲಲ್ಲಿ ಬೂಟು ಬಿಚ್ಚುವವಳು.

"ನಾನು ಯಾರೋ ಸ್ವೀಡಿಷ್ ಹುಡ್ಗಿ ಇರ್ಬೇಕು ಅಂದ್ಕೊಂಡೆ," ಎಂದ ಅವನು ಕೂರುತ್ತಾ.

"ನಿರಾಸೆ ಆಯ್ತಾ?" ಎಂದಳು ಗೆಳತಿ.

"ಛೆ ಛೆ, ಆರ್ಟ್‌ಗೆ ದೇಶ ಎಲ್ಲಿ ಮೇಡಂ. ನಮ್ಮವ್ರು ಅಂದ್ರೆ ಫ್ರೀಯಾಗೇ ಮಾಡ್ಕೊಡ್ತೀನಿ. ಆದ್ರೂ ಅಕ್ಕಾ, ನಮ್ ಕಲ್ಚರ್ ಅಂತ ಒಂದು..."

"ಕಲ್ಚರ್ ಆಮೇಲೆ. ಬನ್ನು ತಗೋಪ್ಪ," ಎಂದೆ.

ಅವನು ಕಲ್ಚರನ್ನು ಬದಿಗಿಟ್ಟು ಬನ್ನಿಗೆ ಬಾಯಿ ಹಾಕಿದ. ಗೆಳತಿ ಕಪ್ಪನ್ನು ಕೆಳಗಿಟ್ಟಳು. "ಮೊದ್ಲು ನಿಮ್ದೊಂದು ಫೋಟೊ ತೆಗೀಲಾ?"

"ಓ, ಶೂರ್!" ಎಂದವನಿಗೆ, ತಾನು ಎಲ್ಲಿ ಯಾವ ಕೆಲಸಕ್ಕೆ ಕೂತಿದ್ದೇನೆಂಬುದು ಆಗ ಹೊಳೆದಿರಬೇಕು. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. "ಬೇಡ ಬೇಡ! ಎಲ್ಲಾದ್ರೂ ಹೋಗ್ಬಿಟ್ರೆ? ನನ್ ಹೆಂಡ್ತಿ ನೋಡಿದ್ರೆ?" ಅಷ್ಟರಲ್ಲಿ ಮೊಬೈಲ್ ಕ್ಲಿಕ್ ಎಂದಾಗಿತ್ತು. ಬೆರಳ ಸಂದಿಯಲ್ಲಿ ಒಂದು ಕಣ್ಣು, ಮೀಸೆಯ ಮೇಲೆ ಸಕ್ಕರೆ ಕಾಳು.

"ಎಲ್ಲೂ ಹೋಗಲ್ಲ," ಎಂದಳು.

"ಗ್ಯಾರಂಟೀನಾ?"

"ನೀವು ನಂಗೆ ಏನು ಗ್ಯಾರಂಟಿ ಕೊಡೋಕ್ ಬಂದಿದ್ರೋ, ಅದೇ."

ಅರ್ಧ ಬನ್ನು ತಟ್ಟೆಯಲ್ಲೇ ಬಿಟ್ಟು ಅವನು ಎದ್ದ. ಅವನು ಬಿಟ್ಟುಹೋದ ಕಲ್ಚರ್ ಕೂಡ ಅಲ್ಲೇ ಎಲ್ಲೋ ಉಳಿದಿರಬೇಕು. ಬಟ್ಟೆ ಒಗೆಯುವ ಕೋಣೆಯವರು ಚೀಟಿ ಅಂಟಿಸಿ ಆಕ್ಷೇಪಿಸುವ ಮೊದಲು ಗುಡಿಸಿದೆ.

ಮೂರನೆಯವಳು ಕುದುರೆ ಪಂದ್ಯಗಳ ಫೋಟೊ ತೆಗೆಯುತ್ತಿದ್ದ ಸ್ವೀಡಿಷ್ ಹೆಂಗಸು. ಕಲೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಹಳೆಯ ಕೆಲಸ ತೋರಿಸಿ ಎಂದರೆ, ಅದು ತೋರಿಸುವಂಥದ್ದಲ್ಲ, ಹಿಂದಿನವರು ಒಪ್ಪಿದರೆ ಅವರೇ ನಿಮಗೆ ಫೋನ್ ಮಾಡುತ್ತಾರೆ ಎಂದಳು. ಎಂಥ ಒರಟುತನ, ಎಂದುಕೊಂಡೆ. ಗೆಳತಿ ಮೊಬೈಲ್ ಎತ್ತಿದಾಗ ಆಕೆ ಅಂಗೈ ಅಡ್ಡ ಹಿಡಿದು ಕೇಳಿದಳು: "ಯಾಕೆ ಬೇಕು? ಎಲ್ಲಿ ಇಟ್ಟುಕೊಳ್ಳುತ್ತೀರಿ? ಯಾವಾಗ ಅಳಿಸುತ್ತೀರಿ? ಅಳಿಸುವುದನ್ನು ನಾನು ನೋಡಬಹುದೇ?"

ಗೆಳತಿ ಮೊಬೈಲನ್ನು ಕೆಳಗಿಟ್ಟು ಕೈಕುಲುಕಿದಳು. ಹಿರಿಯಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಈಗ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡು ಗೆಳತಿಯದೇ. ಕೆಲಸ ಮುಗಿದ ಮೇಲೆ ಆ ಹೆಂಗಸು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ.

ಆದರೆ ಒಂದು ಬಾಯಿ ಊರಲ್ಲಿ ತೆರೆದೇ ಇತ್ತಲ್ಲ. ದೀಪಾವಳಿ ಕೂಟಕ್ಕೆ ಗೆಳತಿ ಮಗಳ ಕೈಹಿಡಿದೇ ಬಂದಳು. ಆಸ್ಥಾನ ಛಾಯಾಗ್ರಾಹಕ ಎಲೆಯಿಂದ ಎಲೆಗೆ ಕ್ಲಿಕ್ಕಿಸುತ್ತಾ ಬಂದ. ಇವರ ಮುಂದೆ ನಿಂತ. ಕ್ಯಾಮೆರಾ ಇಳಿಸಿದ.

"ನಿಮ್ದು, ಪಾಪೂದು... ಬೇಡ ಅಲ್ವಾ ಮೇಡಂ?"

"ಯಾಕ್ರೀ, ಇವ್ರನ್ನ ಮಾತ್ರ ಬಿಟ್ರಿ?" ಎಂದಳು ಪಕ್ಕದ ಎಲೆಯಿಂದ ಅವನ ಹೆಂಡತಿಯೇ.

"ಪ್ರೈವೆಸಿ ಕಣೇ. ಯುರೋಪಲ್ಲಿ ಕಾನೂನಿದೆ," ಎಂದು ಅವನು ನ್ಯಾಯಮೂರ್ತಿಯ ಮುಖ ಮಾಡಿಕೊಂಡು ಪಾಯಸದ ಕಡೆ ಸರಿದ.

ವಾಪಸ್ ಬಸ್ಸಿನಲ್ಲಿ ಮಗು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು. "ಅವನ ಫೋಟೊ ಇನ್ನೂ ಇಟ್ಕೊಂಡಿದೀಯಾ?" ಎಂದು ಕೇಳಿದೆ.

"ಅವ್ನು ಬಾಗ್ಲು ದಾಟೋಕ್ ಮುಂಚೇನೇ ಅಳಿಸ್ದೆ."

"ಅವನಿಗೆ ಹೇಳ್ಲಿಲ್ವಾ?"

"ಕೇಳಿದ್ರೆ ಹೇಳ್ತೀನಿ. ಎಲ್ಲೂ ಹೋಗಲ್ಲ ತಾನೇ ಅಂತ ಮೆಸೇಜ್ ಮಾಡ್ತಾನೇ ಇರ್ತಾನೆ. ಅಳಿಸಿದ್ರಾ ಅಂತ ಕೇಳ್ಬಹುದು ಅನ್ನೋದೇ ಅವ್ನಿಗೆ ಹೊಳ್ದಿಲ್ಲ." ಮಗುವಿನ ಟೋಪಿಯನ್ನು ಕಣ್ಣಿನವರೆಗೆ ಎಳೆದಳು. "ಇವ್ಳು ಸ್ಕೂಲ್ ಮುಗ್ಸೋವರ್ಗೂ ಹೊಳೀದೇ ಇರ್ಲಿ."